ಪುಟ್ಟ ಲೋಕದಲ್ಲಿ ಗಾಳಿ ನಿಲ್ಲುತ್ತದೆಯೇ? ನೀವೇ ಲೆಕ್ಕ ಹಾಕುವ ಕ್ರಮ

‘ಚಂದ್ರ ಚಿಕ್ಕದು, ಅದಕ್ಕೇ ಗಾಳಿಯಿಲ್ಲ’ ಎಂಬ ಉತ್ತರ ಅರ್ಧ ಸರಿ. ಪೂರ್ತಿ ತಪ್ಪು ಉತ್ತರವನ್ನಾದರೂ ತಿದ್ದಬಹುದು, ಅರ್ಧ ಸರಿಯಾದದ್ದನ್ನು ಕಂಡರೆ ನನಗೆ ಕಿರಿಕಿರಿ. ಕಾಗದ, ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ.

ಅಲ್ಲಿನ ತಾಪವನ್ನು ಕೆಲ್ವಿನ್‌ನಲ್ಲಿ (ಸೆಲ್ಸಿಯಸ್‌ಗೆ 273 ಕೂಡಿಸಿ) ಬರೆದು, ಅನಿಲದ ಅಣುತೂಕದಿಂದ ಭಾಗಿಸಿ. ವರ್ಗಮೂಲ ತೆಗೆದು 158ರಿಂದ ಗುಣಿಸಿದರೆ ಅಣುಗಳ ಸರಾಸರಿ ವೇಗ, ಸೆಕೆಂಡಿಗೆ ಇಷ್ಟು ಮೀಟರ್ ಎಂದು ಸಿಗುತ್ತದೆ. ಇದರ ಆರು ಪಟ್ಟನ್ನೂ ಮೀರಿ ಆ ಲೋಕದ ವಿಮೋಚನಾ ವೇಗ (ಅದರ ಸೆಳೆತದಿಂದ ತಪ್ಪಿಸಿಕೊಳ್ಳಲು ಬೇಕಾದ ವೇಗ) ಇದ್ದರೆ ಅನಿಲ ಕೋಟ್ಯಂತರ ವರ್ಷ ನಿಲ್ಲಬಲ್ಲದು. ಸ್ಥೂಲ ಲೆಕ್ಕವಿದು, ನಿಖರತೆ ಬೇಕಿದ್ದರೆ ನೆಲದ ತಾಪದ ಬದಲು ವಾತಾವರಣದ ಮೇಲ್ತುದಿಯ ತಾಪವನ್ನು ಹಾಕಬೇಕು.

ಚಂದ್ರನ ನಡುಹಗಲು ಸುಮಾರು 390 ಕೆಲ್ವಿನ್. ತೂಕದ ಅನಿಲವಾದ ಆರ್ಗಾನ್‌ಗೂ (ಅಣುತೂಕ 40) ಆರು ಪಟ್ಟು ಸೆಕೆಂಡಿಗೆ ಸುಮಾರು 3 ಕಿ.ಮೀ. ಆಗುತ್ತದೆ. ಚಂದ್ರನ ವಿಮೋಚನಾ ವೇಗ 2.38 ಮಾತ್ರ, ಸಾಲದು. ಶನಿಯ ಉಪಗ್ರಹ ಟೈಟಾನ್‌ನದು 2.64, ಹೆಚ್ಚೇನೂ ಅಲ್ಲ. ಆದರೆ ಅಲ್ಲಿ 94 ಕೆಲ್ವಿನ್‌ನ ಚಳಿ. ಸಾರಜನಕಕ್ಕೆ (28) 1.7 ಸಾಕು. ಅದರ ನೆಲದ ಮೇಲಿನ ಗಾಳಿಯ ಒತ್ತಡ ಭೂಮಿಯದರ ಒಂದೂವರೆ ಪಟ್ಟು! ಮಂಗಳವೂ ಇಂಗಾಲದ ಡೈಆಕ್ಸೈಡ್‌ನ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಆದರೂ ಒತ್ತಡ ಸುಮಾರು 6 ಮಿಲಿಬಾರ್ ಅಷ್ಟೇ, ಭೂಮಿಯದರ ನೂರರಲ್ಲೊಂದು ಪಾಲೂ ಇಲ್ಲ. ಸೌರಮಾರುತ, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಹರಿವು, ಅನಿಲವನ್ನು ಕೆರೆದೊಯ್ಯುವುದು ಈ ಲೆಕ್ಕದಲ್ಲಿ ಬರುವುದಿಲ್ಲ.

ಲೋಕ ನಪಾಸಾದರೆ ಸೊನ್ನೆ ಬರೆದು ಮುಗಿಸಬೇಡಿ. ಮಣ್ಣನ್ನು ಕೇಳಿ. 1972ರಲ್ಲಿ ಅಪೋಲೊ 17 ಇಳಿಸಿದ ಉಪಕರಣ ಚಂದ್ರನಲ್ಲಿ ಆರ್ಗಾನ್ ಕಂಡಿತು. ಚಂದ್ರಯಾನ-2 ಕೂಡ ಅದನ್ನು ಅಳೆದಿದೆ. ಬಂಡೆಯೊಳಗಿನ ವಿಕಿರಣಶೀಲ ಪೊಟ್ಯಾಸಿಯಂ ಕ್ಷಯಿಸಿ ಹುಟ್ಟುವ ಅನಿಲವದು. ರಾತ್ರಿ ತಣ್ಣನೆಯ ಕಣಗಳಿಗೆ ಅಂಟಿಕೊಂಡು, ಬೆಳಗಾಗುತ್ತಲೇ ಮೇಲೇಳುತ್ತದೆ. ಆದ್ದರಿಂದ ಹಗಲಿನ ತಾಪದ ಪಕ್ಕದಲ್ಲೇ ರಾತ್ರಿಯದನ್ನೂ ಬರೆಯಿರಿ.

ಆಳದ ತಾಪವನ್ನೂ ಬರೆಯಿರಿ. 2023ರಲ್ಲಿ ಚಂದ್ರಯಾನ-3ರ ‘ಚಾಸ್ಟೆ’ ಉಪಕರಣ ಮೇಲ್ಮೈಯಲ್ಲಿ 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಕಂಡಿತು, 8 ಸೆಂ.ಮೀ. ಕೆಳಗೆ ಮೈನಸ್ 10ರ ಆಸುಪಾಸು. ಕಣಗಳ ನಡುವೆ ಗಾಳಿಯೇ ಇಲ್ಲದ ಪುಡಿಮಣ್ಣು ಶಾಖವನ್ನು ಕೆಳಗಿಳಿಯಗೊಡುವುದಿಲ್ಲ. ಇರುಳಿನ ಉಷ್ಣಚಿತ್ರ ಸಿಕ್ಕರೆ ಬೇಗ ತಣಿದ ಜಾಗ ಪುಡಿ, ಬೆಚ್ಚಗುಳಿದದ್ದು ಬಂಡೆ ಎಂದು ಓದಿಕೊಳ್ಳಿ.

ಈಗ ಬುಧನನ್ನು ಪರೀಕ್ಷಿಸಿ: 700 ಕೆಲ್ವಿನ್, ಸೋಡಿಯಂ 23, ವಿಮೋಚನಾ ವೇಗ 4.25. ಸೋಡಿಯಂಗೆ 5.2 ಬೇಕು, ನಿಲ್ಲಬಾರದು. ಆದರೂ 1985ರಲ್ಲಿ ಭೂಮಿಯ ದೂರದರ್ಶಕಕ್ಕೇ ಅದು ಕಂಡಿತು. ತಳ ತೂತಾದ ಕೊಡಕ್ಕೆ ಮೇಲಿನಿಂದ ನೀರು ಬೀಳುತ್ತಲೇ ಇದೆ: ಬಿಸಿಲು, ಸೌರಮಾರುತ, ಸಣ್ಣ ಉಲ್ಕೆಗಳು ಮಣ್ಣಿನಿಂದ ಸೋಡಿಯಂ ಪರಮಾಣುಗಳನ್ನು ಕಿತ್ತೆಬ್ಬಿಸುತ್ತಿವೆ.