ನೀರಿಗೆ ಕೆಟಲ್, ಹಾಲಿಗೆ ಇಂಡಕ್ಷನ್

ಕರೆಂಟಿನಲ್ಲಿ ಟೀ ಮಾಡಬೇಕು ಅಂತ ಅಂಗಡಿಗೆ ಹೋದರೆ ಕೆಟಲ್, ಟೀ ಮೇಕರ್, ಇಂಡಕ್ಷನ್ ಒಲೆ ಎಲ್ಲವನ್ನೂ ತೋರಿಸುತ್ತಾರೆ. ನಮ್ಮ ದಾವಣಗೆರೆ ಮನೆಗೆ ಟೀ ಮೇಕರ್ ಒಗ್ಗಲಿಲ್ಲ. ಬರೀ ಡಿಕಾಕ್ಷನ್ ಕುಡಿಯುವವರಿಗೆ ಅದು ಸರಿ. ಸಂಜೆ ಮಂಡಕ್ಕಿ, ಮಿರ್ಚಿ ಜೊತೆ ಕುಡಿಯೋ ಹಾಲಿನ ಟೀ ಅದರಲ್ಲಿ ಬರುವುದಿಲ್ಲ. ಈಗ ಕೆಟಲ್ ಮತ್ತು ಇಂಡಕ್ಷನ್ ಎರಡನ್ನೂ ಒಟ್ಟಿಗೆ ಬಳಸುತ್ತೇನೆ.

ಕೆಟಲ್‌ಗೆ ನೀರು ಮಾತ್ರ. ಇಲ್ಲಿ ಹಾಸ್ಟೆಲ್ ಹುಡುಗರು ಹಾಲು, ಪುಡಿ, ಸಕ್ಕರೆ ಎಲ್ಲ ಅದಕ್ಕೇ ಸುರಿದು ಸ್ವಿಚ್ ಹಾಕುತ್ತಾರೆ. ತಳ ಸೀಯುತ್ತದೆ, ಉಕ್ಕಿ ಹೊರಗೆ ಚೆಲ್ಲುತ್ತದೆ. ಕೆಟಲ್ ತಾನಾಗೇ ಆಫ್ ಆಗುವುದು ಹಬೆಯಿಂದ. ನೀರು ಕುದಿದಾಗ ಹಬೆ ಒಂದು ಸಣ್ಣ ತೂತಿನಿಂದ ಸ್ವಿಚ್ಚಿನ ಹತ್ತಿರ ಹೋಗುತ್ತದೆ. ಅಲ್ಲಿ ಎರಡು ಲೋಹ ಸೇರಿಸಿದ ತಗಡು ಬಿಸಿಯಾಗಿ ಬಾಗುತ್ತದೆ, ಸ್ವಿಚ್ ಬೀಳುತ್ತದೆ. ಹಾಲು ಅಷ್ಟು ಹಬೆ ಬರುವ ಮೊದಲೇ ಉಕ್ಕಿರುತ್ತದೆ. ಮುಚ್ಚಳ ತೆಗೆದಿಟ್ಟರೆ ನೀರಿದ್ದರೂ ಸುಮ್ನೆ ಕುದಿಯುತ್ತಲೇ ಇರುತ್ತದೆ, ಅದಕ್ಕೂ ಇದೇ ಕಾರಣ.

ನಾಲ್ಕು ಕಪ್ಪಿಗೆ ನನ್ನ ಅಳತೆ ಹೀಗೆ. ಕೆಟಲ್‌ನಲ್ಲಿ 400 ಎಂಎಲ್ ನೀರು, ಇಂಡಕ್ಷನ್ ಮೇಲೆ 250 ಎಂಎಲ್ ಹಾಲು. ಮುಚ್ಚಳ ಇರುವ ಸ್ಟೀಲ್ ಪಾತ್ರೆಯಲ್ಲಿ ನಾಲ್ಕು ಚಮಚ ಟೀ ಪುಡಿ, ಜಜ್ಜಿದ ಶುಂಠಿ. ಕುದಿದ ನೀರನ್ನು ಅದರ ಮೇಲೆ ಸುರಿದು ನಾಲ್ಕು ನಿಮಿಷ ಮುಚ್ಚಿಡುತ್ತೇನೆ. ನಾವು ತರುವ ಪುಡಿ ಸಿಟಿಸಿ, ಅಂದರೆ ಎಲೆಯನ್ನು ಹಲ್ಲಿನ ರೋಲರ್‌ಗಳಲ್ಲಿ ಹಿಸುಕಿ ಮಾಡಿದ ಕಾಳು. ಬಣ್ಣ ಬೇಗ ಬಿಡುತ್ತದೆ. ಹಸಿ ಶುಂಠಿಯನ್ನು ನೇರ ಹಾಲಿಗೆ ಹಾಕಿದರೆ ಹಾಲು ಒಡೆಯಬಹುದು. ಅದರಲ್ಲಿರುವ ಕಿಣ್ವದ ಕೆಲಸ ಅದು. ಕುದಿನೀರು ಬಿದ್ದರೆ ಅದರ ಆಟ ಮುಗಿಯುತ್ತದೆ.

ಆಮೇಲೆ ಡಿಕಾಕ್ಷನ್ ಸೋಸಿ ಹಾಲಿಗೆ ಸೇರಿಸಿ, ಸಕ್ಕರೆ ಹಾಕುತ್ತೇನೆ. ಮೊದಮೊದಲು ಅತ್ತೆ ಒಂದು ಗುಟುಕು ಕುಡಿದು, "ಖಡಕ್ ಇಲ್ಲ ಕಣವ್ವ" ಅಂದರು. ಸರಿಯಾಗಿಯೇ ಹೇಳಿದ್ದರು. ಹಾಲಿನ ಜೊತೆ ಒಂದೆರಡು ನಿಮಿಷ ಕುದಿಯದೆ ನಮ್ಮ ಟೀಗೆ ಆ ರುಚಿ ಬರುವುದಿಲ್ಲ. ಈಗ ಕೊನೆಯ ಕುದಿ ಇಂಡಕ್ಷನ್ ಮೇಲೆ ಸಣ್ಣ ಉರಿಯಲ್ಲಿ ಆಗುತ್ತದೆ, ಅವರೂ ಸುಮ್ಮನಾಗಿದ್ದಾರೆ!

ಹಳೆ ಅಲ್ಯೂಮಿನಿಯಂ ಟೀ ಪಾತ್ರೆ ಇಂಡಕ್ಷನ್‌ಗೆ ಆಗುವುದಿಲ್ಲ. ಎಲ್ಲಾ ಸ್ಟೀಲೂ ಆಗುವುದಿಲ್ಲ. ಅಂಗಡಿಗೆ ಒಂದು ಅಯಸ್ಕಾಂತ ತಗೊಂಡು ಹೋಗಿ, ತಳಕ್ಕೆ ಗಟ್ಟಿಯಾಗಿ ಅಂಟಿದರೆ ತನ್ನಿ. ತಳ ಚಪ್ಪಟೆ ಇರಬೇಕು.

ಕರೆಂಟಿನ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. 1500 ವ್ಯಾಟ್ ಕೆಟಲ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಟಿವಿ, ಚಾರ್ಜರ್‌ಗೆ ಇರುವ 6 ಆಂಪಿಯರ್ ಪ್ಲಗ್‌ಗೆ ಅದು ಜಾಸ್ತಿ. 16 ಆಂಪಿಯರ್‌ದೇ ಬೇಕು. ಕೆಟಲ್, ಇಂಡಕ್ಷನ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಲೇಬೇಡಿ. ಖರ್ಚು ಹೆದರುವಷ್ಟಿಲ್ಲ. ಒಂದು ಲೀಟರ್ ನೀರು ಕುದಿಯಲು ಸುಮಾರು 0.1 ಯೂನಿಟ್, ನಾಲ್ಕು ನಿಮಿಷ ಸಾಕು. ಗೃಹಜ್ಯೋತಿಯವರು ತಮ್ಮ ಮಿತಿಯೊಳಗೆ ಇರಬೇಕಲ್ವಾ, ಅಷ್ಟು ನೋಡಿಕೊಂಡರಾಯಿತು.

ಬೋರ್ ನೀರು ಹಾಕಿದರೆ ಕೆಟಲ್ ತಳದಲ್ಲಿ ಬಿಳಿ ಪದರ ಕೂರುತ್ತದೆ. ಒಂದು ನಿಂಬೆಹಣ್ಣು ಹಿಂಡಿ ಅರ್ಧ ಕೆಟಲ್ ನೀರು ಕುದಿಸಿ, ಅರ್ಧ ಗಂಟೆ ಬಿಟ್ಟು ತೊಳೆದರೆ ಹೋಗುತ್ತದೆ. ಚಿತ್ರದುರ್ಗದಲ್ಲಿರುವ ತಂಗಿ ಆರ್‌ಓ ನೀರನ್ನೇ ಹಾಕುತ್ತಾಳೆ. ಆ ಕಡೆ ಎಷ್ಟೋ ಬೋರ್‌ಗಳಲ್ಲಿ ಫ್ಲೋರೈಡ್ ಜಾಸ್ತಿ, ಅದು ಕುದಿಸಿದರೆ ಹೋಗುವಂಥದ್ದಲ್ಲ.

ಕರೆಂಟ್ ಹೋದಾಗ ಮನೆಯ ಸಣ್ಣ ಇನ್ವರ್ಟರ್ ಇವೆರಡನ್ನೂ ಎಳೆಯುವುದಿಲ್ಲ. ಹಾಗಾಗಿ ಗ್ಯಾಸ್ ಒಲೆ ತೆಗೆದಿಲ್ಲ.