ನಾಲೆ ನೀರಿನ ಲೆಕ್ಕ ಹೆಕ್-ರಾಸ್‌ನಲ್ಲಿ ಮಾಡೋದು ಹೇಗೆ

ತುಂಗಭದ್ರಾ ಎಡದಂಡೆ ನಾಲೆ ಕಡೆಯವರಿಗೆ ಹೇಳಬೇಕಾಗಿಲ್ಲ, ಸೀಸನ್ ಶುರುವಾದ್ರೆ ಸಾಕು 69ನೇ ಮೈಲಲ್ಲಿ ಗೇಜ್ (ಅಳತೆ ಪಟ್ಟಿಯಲ್ಲಿ ನೀರಿನ ಮಟ್ಟ) ಎಷ್ಟಿದೆ, 104ನೇ ಮೈಲಲ್ಲಿ ಎಷ್ಟಿದೆ ಅನ್ನೋದೇ ಮಾತು. ಮೇಲೆ ಬಿಟ್ಟ ನೀರು ಕೆಳಗೆ ಯಾಕೆ ಬರ್ತಿಲ್ಲ ಅಂತ ಜಗಳ ಆಗುತ್ತೆ, ಧರಣಿ ಆಗುತ್ತೆ, ಆದ್ರೆ ನಾಲೆಯ ಈಗಿನ ಸ್ಥಿತಿಯಲ್ಲಿ ಅಷ್ಟು ನೀರು ಅದರಲ್ಲಿ ಹಿಡಿಯುತ್ತಾ ಅಂತ ಲೆಕ್ಕ ಹಾಕಿ ನೋಡೋರು ಕಮ್ಮಿ. ಈ ಲೆಕ್ಕ ಸಿವಿಲ್ ಓದೋ ಹುಡುಗರು, ಫೀಲ್ಡ್‌ನಲ್ಲಿರೋ ಜೆಇಗಳು, ಸ್ವಲ್ಪ ಆಸಕ್ತಿ ಇರೋ ರೈತ ಸಂಘದವರು ಯಾರು ಬೇಕಾದ್ರೂ ಲ್ಯಾಪ್‌ಟಾಪ್‌ನಲ್ಲಿ ಮಾಡಬಹುದು, ಅದಕ್ಕೇ ಇದನ್ನ ಬರೀತಿದೀನಿ.

ಸಾಫ್ಟ್‌ವೇರ್ ಹೆಸರು ಹೆಕ್-ರಾಸ್ (HEC-RAS), ನದಿ, ನಾಲೆಯಲ್ಲಿ ನೀರಿನ ಮಟ್ಟ ಲೆಕ್ಕ ಹಾಕುತ್ತೆ. ಅಮೆರಿಕದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ಗೆ ಸೇರಿದ, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರೋ ಹೈಡ್ರಾಲಜಿ ಕೇಂದ್ರ ಮಾಡಿರೋದು, 1995ರಿಂದ ಇದೆ, ಪೂರ್ತಿ ಫ್ರೀ, ವಿಂಡೋಸ್‌ನಲ್ಲಿ ಓಡುತ್ತೆ. ಕ್ಲಿಕ್ ಮಾಡೋದು ಯಾವುದೂ ಕಷ್ಟ ಅಲ್ಲ, ಅದು ಒಂದು ಮಧ್ಯಾಹ್ನದಲ್ಲಿ ಕೈಗೆ ಬರುತ್ತೆ. ಉತ್ತರ ಸರಿಯೋ ತಪ್ಪೋ ಅನ್ನೋದು ನಿಂತಿರೋದು ಎರಡೇ ವಿಷಯದ ಮೇಲೆ, ನಾಲೆ ಮೈಯ ಒರಟುತನ ಅಂದ್ರೆ ಮ್ಯಾನಿಂಗ್ ಎನ್, ಮತ್ತೆ ಕೆಳಗಿನ ತುದಿಯಲ್ಲಿ ನೀರಿನ ಮಟ್ಟ ಏನಿದೆ ಅನ್ನೋದು. ಈ ಎರಡೂ ಕಂಪ್ಯೂಟರ್ ಮುಂದೆ ಕೂತ್ರೆ ಸಿಗಲ್ಲ, ಏರಿ ಮೇಲೆ ಓಡಾಡಬೇಕು.

ಮೊದಲು ಕೈಲೆಕ್ಕ

ಸಾಫ್ಟ್‌ವೇರ್ ತೆಗೆಯೋಕೆ ಮುಂಚೆ ಒಂದು ಸಲ ಪೇಪರ್ ಮೇಲೆ ಮಾಡಿ, ಆಮೇಲೆ ಬರೋ ಉತ್ತರ ನಂಬಬೇಕಾ ಬೇಡ್ವಾ ಅಂತ ಗೊತ್ತಾಗೋದು ಇದರಿಂದಾನೇ. ಉದಾಹರಣೆಗೆ ಒಂದು ವಿತರಣಾ ನಾಲೆ ತಗೊಳ್ಳೋಣ: ತಳದ ಅಗಲ 6 ಮೀಟರ್, ಪಕ್ಕದ ಇಳಿಜಾರು 1.5ಕ್ಕೆ 1, ತಳದ ಇಳಿಜಾರು 5000ಕ್ಕೆ 1, ನೀರಿನ ಆಳ 2 ಮೀಟರ್, ಅದರ ಮೇಲೆ 60 ಸೆಂ.ಮೀ. ಫ್ರೀಬೋರ್ಡ್, ಅಂದ್ರೆ ನೀರಿನಿಂದ ಏರಿ ತುದಿವರೆಗೆ ಖಾಲಿ ಬಿಟ್ಟ ಎತ್ತರ. ನೀರಿನ ಅಡ್ಡಕೊಯ್ತ 18 ಚದರ ಮೀಟರ್ ಆಗುತ್ತೆ, ನೀರು ತಾಗೋ ಸುತ್ತಳತೆ 13.21 ಮೀಟರ್, ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ ಹೈಡ್ರಾಲಿಕ್ ತ್ರಿಜ್ಯ 1.36. ಇದನ್ನ ಮ್ಯಾನಿಂಗ್ ಸೂತ್ರಕ್ಕೆ ಹಾಕಿ, ತ್ರಿಜ್ಯದ ಮೂರನೇ ಎರಡು ಘಾತ ಗುಣಿಸು ಇಳಿಜಾರಿನ ವರ್ಗಮೂಲ, ಭಾಗಿಸು ಎನ್. ಕಾಂಕ್ರೀಟ್ ಲೈನಿಂಗ್ ಚೆನ್ನಾಗಿದ್ರೆ ಎನ್ 0.018 ಅಂತ ಇಟ್ಕೊಳ್ಳಿ, ವೇಗ ಸೆಕೆಂಡಿಗೆ 0.97 ಮೀಟರ್ ಬರುತ್ತೆ, ಹರಿವು 17.4 ಕ್ಯೂಮೆಕ್ (ಸೆಕೆಂಡಿಗೆ ಘನ ಮೀಟರ್), ನಮ್ಮ ಕಡೆ ಮಾತಾಡೋ ಲೆಕ್ಕದಲ್ಲಿ 614 ಕ್ಯೂಸೆಕ್.

ಈಗ ಅದೇ ನಾಲೆ, ಲೈನಿಂಗ್ ಕಿತ್ತುಹೋಗಿದೆ, ಜೊಂಡು ಬೆಳೆದಿದೆ, ಅಲ್ಲಲ್ಲಿ ಹೂಳು ನಿಂತಿದೆ, ಎನ್ 0.030 ಅಂತ ಹಾಕಿ ನೋಡಿ. ಅದೇ 2 ಮೀಟರ್ ಆಳದಲ್ಲಿ ಹೋಗೋದು ಬರೀ 10.4 ಕ್ಯೂಮೆಕ್, ಅಂದ್ರೆ 368 ಕ್ಯೂಸೆಕ್. ಗೇಜ್ ಪಟ್ಟಿ ಎರಡೂ ಸಲ ಒಂದೇ ತೋರಿಸ್ತಿರುತ್ತೆ, ನೀರು ಮಾತ್ರ ಶೇಕಡಾ 40ರಷ್ಟು ಕಮ್ಮಿ. ಇಲ್ಲ, ಪೂರ್ತಿ 614 ಕ್ಯೂಸೆಕ್ ಬಿಟ್ಟೇ ಬಿಡ್ತೀವಿ ಅಂದ್ರೆ ಆಳ 2.62 ಮೀಟರ್ ಆಗಬೇಕು, ಏರಿ ಇರೋದೇ 2.60. ಫ್ರೀಬೋರ್ಡ್ ಪೂರ್ತಿ ಹೋಗಿ ನೀರು ಏರಿ ದಾಟುತ್ತೆ. "ಗೇಜ್ ಫುಲ್ ಇದೆ, ಆದ್ರೂ ಕೆಳಗೆ ನೀರಿಲ್ಲ" ಅಂತ ಟೇಲ್‌ಎಂಡ್‌ನವರು (ನಾಲೆಯ ಕೊನೆ ತುದಿಯವರು) ಹೇಳಿದಾಗ ಅದು ಸುಳ್ಳಾಗಿರಬೇಕಾಗಿಲ್ಲ, ಲೆಕ್ಕದಲ್ಲೇ ಅದು ಬರುತ್ತೆ.

ಎನ್ ಎಲ್ಲಿಂದ ತರೋದು

ಪುಸ್ತಕದ ಟೇಬಲ್ ಆರಂಭಕ್ಕೆ ಸರಿ. ಒಳ್ಳೆ ಕಾಂಕ್ರೀಟ್‌ಗೆ 0.013ರಿಂದ 0.018, ಕ್ಲೀನ್ ಮಣ್ಣಿನ ನಾಲೆಗೆ 0.022ರಿಂದ 0.025, ಕಳೆ ಬೆಳೆದಿದ್ರೆ 0.030 ಮತ್ತೆ ಅದರ ಮೇಲೆ. ಆದ್ರೆ ನಿಮ್ಮ ನಾಲೆಯ ಎನ್ ನೀವೇ ಅಳೀಬೇಕು. ಹರಿವು ಒಂದೇ ಸಮ ಇರೋ ದಿನ ನೇರವಾಗಿರೋ 50 ಮೀಟರ್ ಜಾಗ ಆರಿಸ್ಕೊಂಡು ಎರಡು ಕಡೆ ಗೂಟ ಹೊಡೀರಿ, ಮೇಲಿನ ಗೂಟಕ್ಕಿಂತ ಸ್ವಲ್ಪ ಹಿಂದೆ ನೀರಿನ ನಡುವೆ ಒಂದು ತೆಂಗಿನಕಾಯಿ ಬಿಡಿ, ಅದು ಎರಡು ಗೂಟದ ನಡುವೆ ಎಷ್ಟು ಸೆಕೆಂಡ್ ತಗೊಳ್ಳುತ್ತೆ ನೋಡಿ. ಮೇಲ್ಮೈ ವೇಗ ಸರಾಸರಿ ವೇಗಕ್ಕಿಂತ ಜಾಸ್ತಿ ಇರುತ್ತೆ, ಅದಕ್ಕೆ 0.85ರಿಂದ ಗುಣಿಸ್ಬೇಕು. ಮೇಲಿನ ಉದಾಹರಣೆಯ ಚೆನ್ನಾಗಿರೋ ನಾಲೆಯಲ್ಲಿ 2 ಮೀಟರ್ ಆಳ ಇದ್ರೆ ಕಾಯಿ ಸುಮಾರು 44 ಸೆಕೆಂಡಲ್ಲಿ ದಾಟುತ್ತೆ, ಜೊಂಡು ಹಿಡಿದ ನಾಲೆಯಲ್ಲಿ ಅದೇ ಆಳಕ್ಕೆ 73 ಸೆಕೆಂಡ್ ಬೇಕು. ಎರಡಕ್ಕೂ ಅಷ್ಟು ವ್ಯತ್ಯಾಸ ಇರೋದ್ರಿಂದ ಕಾಯಿ ಸ್ವಲ್ಪ ಆಚೀಚೆ ಹೋದ್ರೂ ಯಾವ ಎನ್ ಹತ್ರ ಇದ್ದೀವಿ ಅಂತ ಗೊತ್ತಾಗುತ್ತೆ. ಕರೆಂಟ್ ಮೀಟರ್ ಸಿಕ್ಕಿದ್ರೆ ಇನ್ನೂ ಒಳ್ಳೇದು, ಮೇಲಿಂದ 0.6 ಭಾಗ ಆಳದಲ್ಲಿ ಹಿಡಿದು ಅಳೀರಿ. ಮತ್ತೆ ಒಂದು ಮಾತು, ದಡದ ಮೇಲೆ ನಿಂತು ಮಾತ್ರ ಅಳೀಬೇಕು, ಲೈನಿಂಗ್ ಇರೋ ನಾಲೆಗೆ ಇಳೀಲೇಬೇಡಿ, ಜಾರಿದ್ರೆ ಹಿಡ್ಕೊಳ್ಳೋಕೆ ಏನೂ ಇರಲ್ಲ.

ಜಿಯಾಮೆಟ್ರಿ ಹಾಕೋದು

ಹೊಸ ಪ್ರಾಜೆಕ್ಟ್ ಮಾಡಿದ ತಕ್ಷಣ ಆಪ್ಷನ್ಸ್ ಮೆನುಗೆ ಹೋಗಿ ಯೂನಿಟ್ ಸಿಸ್ಟಮ್ ಎಸ್‌ಐ ಮಾಡ್ಕೊಳ್ಳಿ, ಇಲ್ಲಾಂದ್ರೆ ಅದು ಎಲ್ಲಾನೂ ಅಡಿ ಅಂತ ತಿಳ್ಕೊಳ್ಳುತ್ತೆ. ಆಮೇಲೆ ಜಿಯಾಮೆಟ್ರಿಕ್ ಡೇಟಾ ತೆಗೆದು ನಾಲೆಯ ಗೆರೆ ಎಳೀರಿ, ಮೇಲಿಂದ ಕೆಳಗೆ, ನೀರು ಹರಿಯೋ ದಿಕ್ಕಿನಲ್ಲೇ ಎಳೀಬೇಕು. ಕ್ರಾಸ್ ಸೆಕ್ಷನ್ ಎಡಿಟರ್‌ನಲ್ಲಿ ಹೊಸ ಸೆಕ್ಷನ್ ಸೇರಿಸುವಾಗ ರಿವರ್ ಸ್ಟೇಷನ್ ನಂಬರ್ ಕೇಳುತ್ತೆ, ಕೆಳಗಿನ ತುದಿ ಸೊನ್ನೆ, ಮೇಲೆ ಹೋದಂಗೆ ದೊಡ್ಡದು. ನಮ್ಮ ಇಲಾಖೆ ಚೈನೇಜ್ (ನಾಲೆಯ ಉದ್ದದ ಲೆಕ್ಕ) ಮೇಲಿಂದ ಶುರುವಾಗೋದ್ರಿಂದ ಇದು ಉಲ್ಟಾ ಅನ್ಸುತ್ತೆ, ಪಕ್ಕದಲ್ಲಿ ಒಂದು ಎಕ್ಸೆಲ್ ಇಟ್ಕೊಂಡು ಎರಡೂ ಬರ್ಕೊಂಡ್ರೆ ಗೊಂದಲ ಇರಲ್ಲ.

ಸೆಕ್ಷನ್ ಪಾಯಿಂಟ್ಸ್ ಕೆಳಮುಖವಾಗಿ ನಿಂತು ಎಡದಿಂದ ಬಲಕ್ಕೆ ಕೊಡಬೇಕು. ನಮ್ಮ ನಾಲೆಗೆ ನಾಲ್ಕೇ ಪಾಯಿಂಟ್ ಸಾಕು, ಎಡ ತುದಿಯಿಂದ ದೂರ ಮತ್ತೆ ಅಲ್ಲಿನ ಮಟ್ಟ, ಎರಡೂ ಮೀಟರ್‌ನಲ್ಲಿ: 0ಗೆ 402.6, 3.9ಕ್ಕೆ 400, 9.9ಕ್ಕೆ 400, 13.8ಕ್ಕೆ 402.6. ಬ್ಯಾಂಕ್ ಸ್ಟೇಷನ್ (ದಡ ಇರೋ ಜಾಗ) 0 ಮತ್ತು 13.8, ಎನ್ ನೀವು ಅಳೆದದ್ದು. ನಾಲೆ ಕಿರಿದಾಗೋ, ಅಗಲವಾಗೋ ಕಡೆಯ ನಷ್ಟದ ಗುಣಾಂಕಗಳು, ಕಾಂಟ್ರಾಕ್ಷನ್ 0.1, ಎಕ್ಸ್‌ಪ್ಯಾನ್ಷನ್ 0.3 ಇರಲಿ, ಸೇತುವೆ ಹತ್ರ ಮಾತ್ರ 0.3 ಮತ್ತೆ 0.5 ಮಾಡಿ. ಇದನ್ನೇ ಕಾಪಿ ಮಾಡಿ 10 ಕಿ.ಮೀ. ಮೇಲಿನ ತುದಿಗೆ ಹಾಕಿ ಎಲ್ಲಾ ಮಟ್ಟಗಳನ್ನೂ 2 ಮೀಟರ್ ಏರಿಸಿ, ರೀಚ್ ಲೆಂತ್ (ಕೆಳಗಿನ ಸೆಕ್ಷನ್‌ಗೆ ಇರೋ ದೂರ) 10000 ಕೊಡಿ, ಆಮೇಲೆ ಟೂಲ್ಸ್‌ನಲ್ಲಿ ಇಂಟರ್‌ಪೊಲೇಷನ್ ಒತ್ತಿ 100 ಮೀಟರ್‌ಗೆ ಒಂದು ಸೆಕ್ಷನ್ ಮಾಡಿಸಿ. ಇದು ಕಲಿಯೋಕೆ ಅಷ್ಟೇ. ನಿಜವಾದ ನಾಲೆಯಲ್ಲಿ ಸರ್ವೆ ಸೆಕ್ಷನ್ ಬೇಕು, ಹೂಳು ನಿಂತ ಕಡೆ, ಅಗಲ ಬದಲಾಗೋ ಕಡೆ, ಸೇತುವೆಯ ಮೇಲೆ ಕೆಳಗೆ, ಅಕ್ವಡಕ್ಟ್ (ಹಳ್ಳದ ಮೇಲೆ ನಾಲೆ ದಾಟಿಸೋ ಮೇಲ್ಗಾಲುವೆ) ಬಾಯಲ್ಲಿ.

ನೆಟ್‌ನಲ್ಲಿ ಫ್ರೀಯಾಗಿ ಸಿಗೋ 30 ಮೀಟರ್ ಸ್ಯಾಟಲೈಟ್ ಎತ್ತರದ ಡೇಟಾದಿಂದ ನಾಲೆ ಸೆಕ್ಷನ್ ಕತ್ತರಿಸೋ ಪದ್ಧತಿ ಬಹಳ ಕಾಣುತ್ತೆ, ದಯವಿಟ್ಟು ಬೇಡ. ನಮ್ಮ ನಾಲೆಯ ಮೇಲಿನ ಅಗಲಾನೇ 13.8 ಮೀಟರ್, ಒಂದು ಪಿಕ್ಸೆಲ್ ಅದರ ಎರಡರಷ್ಟಿದೆ. 10 ಕಿ.ಮೀ.ಗೆ ತಳ ಇಳಿಯೋದು 2 ಮೀಟರ್, ಆ ಡೇಟಾದ ಎತ್ತರದ ತಪ್ಪೇ ಹಲವು ಮೀಟರ್ ಇರುತ್ತೆ. ಚಿತ್ರ ಚೆನ್ನಾಗಿ ಬರುತ್ತೆ, ಉತ್ತರಕ್ಕೆ ಅರ್ಥ ಇರಲ್ಲ.

ಹರಿವು ಮತ್ತು ಕೆಳಗಿನ ತುದಿ

ಸ್ಟೆಡಿ ಫ್ಲೋ ಡೇಟಾದಲ್ಲಿ ಮೇಲಿನ ತುದಿಗೆ 17.4 ಕೊಡಿ. ಮಧ್ಯೆ ತೂಬುಗಳಿದ್ರೆ ಪ್ರತಿ ತೂಬಿನ ಕೆಳಗಿನ ಸೆಕ್ಷನ್‌ನಲ್ಲಿ ಫ್ಲೋ ಚೇಂಜ್ ಸೇರಿಸಿ, ತೂಬಿಗೆ ಹೋದಷ್ಟನ್ನ ಕಳೆದು ಉಳಿದದ್ದು ಬರೀರಿ. ಇಲ್ಲಿ ಕಾಗದದ ಮೇಲಿರೋ ಡಿಸೈನ್ ನೀರು ಹಾಕಬೇಡಿ, ನಿಜವಾಗಿ ಹೋಗ್ತಿರೋದು ಹಾಕಿ, ಪೈಪ್ ಇಟ್ಟು ಎಳೀತಿರೋ ಮೋಟಾರ್‌ಗಳದ್ದೂ ಸೇರಿಸಿ. ಇಲ್ಲಾಂದ್ರೆ ಮಾಡೆಲ್‌ನಲ್ಲಿ ಟೇಲ್‌ಎಂಡ್‌ಗೆ ನೀರು ತಲುಪುತ್ತೆ, ಹೊಲದಲ್ಲಿ ತಲುಪಲ್ಲ.

ಈಗ ಬೌಂಡರಿ ಕಂಡಿಷನ್, ಅಂದ್ರೆ ತುದಿಯಲ್ಲಿ ನೀರಿನ ಮಟ್ಟ ಏನು ಅನ್ನೋದು. ನಮ್ಮ ನಾಲೆಯ ಫ್ರೌಡ್ ನಂಬರ್ (ನೀರಿನ ವೇಗಕ್ಕೂ ಅಲೆಯ ವೇಗಕ್ಕೂ ಇರೋ ಅನುಪಾತ) 0.25, ಒಂದಕ್ಕಿಂತ ಕಮ್ಮಿ, ಅಂದ್ರೆ ಶಾಂತ, ಸಬ್‌ಕ್ರಿಟಿಕಲ್ ಹರಿವು, ಇಂಥ ಹರಿವಿನಲ್ಲಿ ಕೆಳಗೆ ಆಗೋದು ಮೇಲಿನವರಿಗೆ ಗೊತ್ತಾಗುತ್ತೆ, ಹಾಗಾಗಿ ಸಾಫ್ಟ್‌ವೇರ್ ಲೆಕ್ಕಾನೂ ಕೆಳಗಿಂದ ಮೇಲಕ್ಕೆ ಹೋಗುತ್ತೆ. ಕೆಳಗಿನ ತುದಿಗೆ ಮಾತ್ರ ಬೌಂಡರಿ ಕೊಟ್ರೆ ಸಾಕು. ಎಲ್ಲರೂ ಕಣ್ಣು ಮುಚ್ಚಿ ನಾರ್ಮಲ್ ಡೆಪ್ತ್ (ಇಳಿಜಾರಿಗೆ ತಕ್ಕ ಸಮ ಹರಿವಿನ ಆಳ) ಆರಿಸಿ 0.0002 ಅಂತ ಇಳಿಜಾರು ಹಾಕ್ತಾರೆ. ಕೆಳಗೆ ಬಹಳ ದೂರ ಅದೇ ಥರದ ನಾಲೆ ಅಡ್ಡಿ ಇಲ್ಲದೆ ಹೋಗ್ತಿದ್ರೆ ಮಾತ್ರ ಅದು ಸರಿ. ಅಲ್ಲೊಂದು ಕ್ರಾಸ್ ರೆಗ್ಯುಲೇಟರ್ ಇದ್ದು ಗೇಟ್ ಇಳಿಸಿ ನೀರು ನಿಲ್ಲಿಸ್ತಿದ್ರೆ ನೋನ್ ವಾಟರ್ ಸರ್ಫೇಸ್ ಆರಿಸಿ ಗೇಜ್ ಮಟ್ಟ ಹಾಕಿ.

ಎರಡನ್ನೂ ಓಡಿಸಿ ನೋಡಿ, ಇದೊಂದು ಪ್ರಯೋಗ ಮಾಡಿದ್ರೆ ಬ್ಯಾಕ್‌ವಾಟರ್ (ಕೆಳಗೆ ತಡೆದ ನೀರು ಮೇಲಕ್ಕೆ ಒತ್ತರಿಸೋದು) ಅಂದ್ರೆ ಏನು ಅಂತ ಜೀವನದಲ್ಲಿ ಮರೆಯಲ್ಲ. ಮೊದಲು ಎನ್ 0.018, ನಾರ್ಮಲ್ ಡೆಪ್ತ್, ರನ್, ಸಬ್‌ಕ್ರಿಟಿಕಲ್, ಕಂಪ್ಯೂಟ್. 10 ಕಿ.ಮೀ. ಉದ್ದಕ್ಕೂ 2 ಮೀಟರ್ ಆಳ ಬರಬೇಕು, ಕೈಲೆಕ್ಕಕ್ಕೆ ತಾಳೆ ಆಗಬೇಕು, ಆಗಿಲ್ಲಾಂದ್ರೆ ಯೂನಿಟ್ಟೋ ರೀಚ್ ಲೆಂತೋ ಎಲ್ಲೋ ತಪ್ಪಿದೆ, ಮುಂದೆ ಹೋಗಬೇಡಿ. ಆಮೇಲೆ ಕೆಳಗಿನ ಮಟ್ಟ 402.5 ಮಾಡಿ, ಅಂದ್ರೆ ಅರ್ಧ ಮೀಟರ್ ಜಾಸ್ತಿ. 5 ಕಿ.ಮೀ. ಮೇಲೆ ಹೋದ್ರೂ ನೀರು ಸುಮಾರು 10 ಸೆಂ.ಮೀ. ಏರಿರುತ್ತೆ. ಹಾಗಾಗಿ ಗೇಟ್ ಹತ್ರ ಇರೋ ತೂಬಿನವರಿಗೆ ನೀರು ಸಲೀಸಾಗಿ ಹತ್ತುತ್ತೆ, ಮೇಲೆ ಗೇಜ್ ಓದೋರಿಗೆ ಹರಿವು ಜಾಸ್ತಿ ಇದೆ ಅನ್ಸುತ್ತೆ, ಆದ್ರೆ ಹರಿವು ಅಷ್ಟೇ ಇದೆ. ಅಲ್ಲಿನ ಗೇಜ್‌ನಿಂದ ಕ್ಯೂಸೆಕ್ ಹೇಳೋ ಟೇಬಲ್ ಸುಳ್ಳು ಹೇಳ್ತಿರುತ್ತೆ. ಕೆಳಗಿನ ಮಟ್ಟ ನಿಮಗೆ ಖಚಿತ ಇಲ್ಲಾಂದ್ರೆ ಮಾಡೆಲ್‌ನ ಕೆಳಗಡೆ ಇನ್ನಷ್ಟು ಉದ್ದ ಮಾಡಿ. ಆಳವನ್ನ ಇಳಿಜಾರಿನಿಂದ ಭಾಗಿಸಿ 0.7ರಿಂದ ಗುಣಿಸಿದ್ರೆ ಎಷ್ಟು ದೂರ ಬೇಕು ಅಂತ ಅಂದಾಜು ಸಿಗುತ್ತೆ, ನಮ್ಮ ಉದಾಹರಣೆಗೆ 7 ಕಿ.ಮೀ.

ವಾರ್ನಿಂಗ್ ಓದಿ

ಕಂಪ್ಯೂಟ್ ಆದ್ಮೇಲೆ ಹಸಿರು ಬಾರ್ ಬಂತು ಅಂತ ಪ್ರೊಫೈಲ್ ಪ್ರಿಂಟ್ ಹಾಕೋಕೆ ಹೋಗಬೇಡಿ, ಎರರ್ಸ್ ವಾರ್ನಿಂಗ್ಸ್ ಪಟ್ಟಿ ತೆಗೀರಿ. ಬೌಂಡರಿನ ವಾಪಸ್ ನಾರ್ಮಲ್ ಡೆಪ್ತ್‌ಗೆ ತಂದು ಎನ್ 0.030 ಮಾಡಿ ಓಡಿಸಿದ್ರೆ, ಸೆಕ್ಷನ್‌ನ ತುದಿಗಳನ್ನ ಮೇಲಕ್ಕೆ ಎಳೆದು ಲೆಕ್ಕ ಮಾಡಿದೀನಿ ಅಂತ ಒಂದು ವಾರ್ನಿಂಗ್ ಬರುತ್ತೆ. ಅದರರ್ಥ ನೀರು ಏರಿಗಿಂತ ಮೇಲೆ ಹೋಗಿದೆ, ಸಾಫ್ಟ್‌ವೇರ್ ಅಲ್ಲಿ ಗೋಡೆ ಇದೆ ಅಂತ ಅಂದ್ಕೊಂಡು ಮುಂದುವರಿದಿದೆ. ಹೊಲದಲ್ಲಿ ಗೋಡೆ ಇಲ್ಲ, ಏರಿ ಒಡೆಯುತ್ತೆ. ಆ ಒಂದು ಸಾಲು ನಿಮ್ಮ ರಿಪೋರ್ಟ್‌ನ ಮೊದಲ ಸಾಲಾಗಬೇಕು.

ಗೇಟ್ ಎತ್ತಿದ್ರೆ ನೀರು ಯಾವಾಗ ತಲುಪುತ್ತೆ

ಇದಕ್ಕೆ ಅನ್‌ಸ್ಟೆಡಿ ಬೇಕು, ಅಂದ್ರೆ ಹೊತ್ತಿಗೆ ತಕ್ಕಂತೆ ಬದಲಾಗೋ ಹರಿವಿನ ಲೆಕ್ಕ. ಮೇಲಿನ ತುದಿಗೆ ಗಂಟೆಗಂಟೆಯ ಹರಿವಿನ ಹೈಡ್ರೋಗ್ರಾಫ್ ಕೊಡಿ, ಟೈಮ್ ಸ್ಟೆಪ್ ಚಿಕ್ಕದಿರಲಿ. ನಮ್ಮ ನಾಲೆಯಲ್ಲಿ ಏರಿದ ಹರಿವಿನ ಅಲೆ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್ ಓಡುತ್ತೆ, ಸೆಕ್ಷನ್ 100 ಮೀಟರ್‌ಗೆ ಒಂದಿದ್ರೆ 1 ನಿಮಿಷದ ಸ್ಟೆಪ್ ಸರಿಹೋಗುತ್ತೆ, 10 ನಿಮಿಷ ಇಟ್ರೆ ಮಾಡೆಲ್ ಕುಣಿಯೋಕೆ ಶುರುಮಾಡುತ್ತೆ. ಒಣಗಿದ ನಾಲೆಗೆ ಸೀಸನ್ನಿನ ಮೊದಲ ನೀರು ಬಿಡೋ ದಿನವನ್ನ ಮಾಮೂಲಿ 1ಡಿ ಮಾಡೆಲ್‌ನಲ್ಲಿ (ನಾಲೆಯ ಉದ್ದಕ್ಕೆ ಮಾತ್ರ ಹರಿವು ಲೆಕ್ಕ ಹಾಕೋದು) ನೇರವಾಗಿ ತೋರಿಸೋಕಾಗಲ್ಲ, ಆಳ ಸೊನ್ನೆ ಆದ್ರೆ ಲೆಕ್ಕ ಮುರಿದುಬೀಳುತ್ತೆ. ಅರ್ಧ ಕ್ಯೂಮೆಕ್‌ನಷ್ಟು ಬೇಸ್ ಫ್ಲೋ ಮೊದಲೇ ಹರೀತಿದೆ ಅಂತ ಇಟ್ಟು ಓಡಿಸಿ, ಆದ್ರೆ ಒಣ ಮಣ್ಣು ಕುಡಿಯೋ ನೀರು, ಬಿರುಕಿಗೆ ಇಳಿಯೋ ನೀರು ಅದರಲ್ಲಿ ಇಲ್ಲ ಅಂತ ಪಕ್ಕದಲ್ಲೇ ಬರೀರಿ, ಕಪ್ಪು ನೆಲದ ಕಡೆ ಅದು ಸಣ್ಣದಲ್ಲ.

ಉತ್ತರ ಕೊಡುವಾಗ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಅಂತ ಕೊಟ್ರೆ ಯಾರಿಗೂ ಉಪಯೋಗಕ್ಕೆ ಬರಲ್ಲ. ಪ್ರತಿ ತೂಬಿನ ಹೆಸರು, ಅದರ ತಳದ ಮೇಲೆ ನೀರು ಎಷ್ಟು ನಿಲ್ಲುತ್ತೆ, ಈಗಿನ ಎನ್‌ಗೆ ಎಷ್ಟು, ಜೊಂಡು ತೆಗೆದು ಹೂಳು ಎತ್ತಿದ್ರೆ ಎಷ್ಟು ಅಂತ ಅಡಿ ಲೆಕ್ಕದಲ್ಲಿ ಒಂದು ಪುಟದ ಟೇಬಲ್ ಮಾಡಿ, ಅದನ್ನ ನೀರು ಬಳಕೆದಾರರ ಸಂಘದ ಮೀಟಿಂಗ್‌ಗೆ ತಗೊಂಡು ಹೋಗಿ.