ಆ್ಯಪ್ ಬರೆದಾಯಿತು, ಜನರಿಗೆ ಮುಟ್ಟಿಸುವುದು ಹೇಗೆ?

ಮುಂಬೈ ಬಳಿಯ ಡೊಂಬಿವಲಿಯ ನಿಮ್ಮ ಹೌಸಿಂಗ್ ಸೊಸೈಟಿಗೆ ಮೇಂಟೆನೆನ್ಸ್ ಲೆಕ್ಕದ ಆ್ಯಪ್ ಬರೆದಿದ್ದೀರಿ ಅಂದುಕೊಳ್ಳಿ. ಕನ್ನಡ, ಮರಾಠಿ ಎರಡರಲ್ಲೂ ನಡೆಯುತ್ತದೆ. ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಳಸಬಹುದು, ಕೋಡ್ ನೋಡಿ ಬದಲಿಸಬಹುದು. ಆದರೆ ನಿಮ್ಮ ಬಿಲ್ಡಿಂಗ್ ಆಚೆ ಅದರ ಹೆಸರೇ ಗೊತ್ತಿಲ್ಲ. ಜಾಹೀರಾತಿಗೆ ದುಡ್ಡೂ ಇಲ್ಲ.

ಮೊದಲು ಒಂದೇ ವಾಕ್ಯ ಬರೆಯಿರಿ: ‘ಮೇಂಟೆನೆನ್ಸ್ ಯಾರು ಕಟ್ಟಿದ್ದಾರೆ, ಯಾರದು ಬಾಕಿ ಎಂದು ಇಂಟರ್ನೆಟ್ ಇಲ್ಲದೆಯೂ ತೋರಿಸುತ್ತದೆ.’ ಯಾವ ಫ್ರೇಮ್‌ವರ್ಕ್ ಬಳಸಿದಿರಿ ಎಂಬುದು ಸೊಸೈಟಿ ಸೆಕ್ರೆಟರಿಗೆ ಬೇಕಿಲ್ಲ. ಈ ವಾಕ್ಯ ಕೋಡಿನ ಜೊತೆ ಇಡುವ ಪರಿಚಯ ಪುಟದ, ಅಂದರೆ ರೀಡ್‌ಮಿ ಫೈಲಿನ, ತಲೆಯಲ್ಲಿರಲಿ. ಕೆಳಗೆ ಇನ್‌ಸ್ಟಾಲ್ ಮಾಡುವ ಬಗೆ, ಒಂದೆರಡು ಸ್ಕ್ರೀನ್‌ಶಾಟ್. ಅದರಲ್ಲಿ ಪಕ್ಕದ ಫ್ಲ್ಯಾಟಿನವರ ನಿಜವಾದ ಹೆಸರು, ಬಾಕಿ ಮೊತ್ತ ಕಾಣಿಸದಿರಲಿ. ಜನರಲ್ ಬಾಡಿ ಮೀಟಿಂಗ್‌ನಲ್ಲಿ ಜಗಳಕ್ಕೆ ಅಷ್ಟೇ ಸಾಕು!

ಲೈಸೆನ್ಸ್ ಮರೆಯಬೇಡಿ. ಕೋಡನ್ನು ಸುಮ್ನೆ ಗಿಟ್‌ಹಬ್‌ಗೆ (ಕೋಡ್ ಇಟ್ಟು ಹಂಚುವ ಜಾಲತಾಣ) ಹಾಕಿದರೆ ಅದು ಮುಕ್ತವಾಗುವುದಿಲ್ಲ. ಲೈಸೆನ್ಸ್ ಇಲ್ಲದ ಕೋಡನ್ನು ಬದಲಿಸಿ ಹಂಚಲು ಬೇರೆಯವರಿಗೆ ಹಕ್ಕಿಲ್ಲ. ಜಿಪಿಎಲ್ ಎಂಬ ಲೈಸೆನ್ಸ್ ಆದರೆ, ಬದಲಿಸಿ ಹಂಚುವವರು ತಮ್ಮ ಕೋಡನ್ನೂ ಕೊಡಬೇಕು. ಎಂಐಟಿ ಲೈಸೆನ್ಸ್‌ನಲ್ಲಿ ಆ ಕಟ್ಟುಪಾಡಿಲ್ಲ.

ಆಂಡ್ರಾಯ್ಡ್ ಆ್ಯಪ್ ಆದರೆ ಮುಕ್ತ ಆ್ಯಪ್‌ಗಳ ಸ್ಟೋರ್ ಆದ ಎಫ್-ಡ್ರಾಯ್ಡ್‌ಗೆ ಕಳಿಸಿ. ಶುಲ್ಕವಿಲ್ಲ. ಮೂಲ ಕೋಡಿನಿಂದ ಅವರೇ ಆ್ಯಪ್ ತಯಾರಿಸುತ್ತಾರೆ, ಹಾಗಾಗಿ ಮುಕ್ತವಲ್ಲದ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ, ನೀವು ಸೇರಿಸಿಕೊಂಡ ಕೋಡ್) ಮೊದಲೇ ತೆಗೆದಿರಬೇಕು. ಗೂಗಲ್ ಪ್ಲೇಗೆ ಒಂದು ಸಲ 25 ಡಾಲರ್ ಕಟ್ಟಬೇಕು. ನನ್ನ ಕೇಳಿದರೆ ಅದನ್ನೂ ಕಟ್ಟಿ. ಸೆಕ್ರೆಟರಿ ಹುಡುಕುವುದು ಅಲ್ಲೇ ಅಲ್ವಾ?

ಇನ್ನು ಜನರ ಬಳಿ ಹೋಗುವ ಕೆಲಸ. ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೇ. ಎಲ್ಲ ವಾಟ್ಸ್‌ಆ್ಯಪ್ ಗ್ರೂಪಿಗೂ ಒಂದೇ ಮೆಸೇಜ್ ತಳ್ಳಿದರೆ ಯಾರೂ ಓದುವುದಿಲ್ಲ. ಮುಂಬೈಯ ಮಾಟುಂಗದಲ್ಲಿರುವ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ನಂಥ ಕಡೆ ಕಾರ್ಯಕ್ರಮಕ್ಕೆ ಬಂದವರಲ್ಲಿ ಸೊಸೈಟಿ ಕಮಿಟಿಯ ಒಬ್ಬಿಬ್ಬರು ಸಿಕ್ಕಾರು. ಕಾರ್ಯಕ್ರಮ ಮುಗಿದ ಮೇಲೆ ಮಾತಾಡಿಸಿ, ಮೊಬೈಲನ್ನು ಅವರ ಕೈಗೇ ಕೊಡಿ. ‘ಈ ತಿಂಗಳ ಬಾಕಿ ಹುಡುಕಿ ಸರ್’ ಎಂದು ಹೇಳಿ ಸುಮ್ಮನಿರಿ. ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ತಿದ್ದುವ ಕೆಲಸ ಇದೆ. ಅದನ್ನು ತಿದ್ದಿ, ಮುಂದಿನ ವಾರ ಅವರಿಗೇ ಫೋನ್ ಮಾಡಿ ತಿಳಿಸಿ. ಅವರು ಇನ್ನೊಂದು ಸೊಸೈಟಿಗೆ ಹೇಳುವುದು ಆಗಲೇ.

ಕೋಡ್ ಬರೆಯುವವರು ಬೇಕಿದ್ದರೆ ಮುಕ್ತ ತಂತ್ರಾಂಶದವರ ಸಂಸ್ಥೆ ಫಾಸ್ ಯುನೈಟೆಡ್‌ನ ಮುಂಬೈ, ಪುಣೆ ಮೀಟಪ್‌ಗಳಿಗೆ ಹೋಗಿ. ಅಲ್ಲಿ ಹೊಗಳಿಕೊಳ್ಳುವುದಕ್ಕಿಂತ ಕೇಳುವುದು ಒಳ್ಳೆಯದು. ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತಾವು ಬರೆಯುತ್ತಿದ್ದ ಮುಕ್ತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಬಗ್ಗೆ ಮೊದಲು ತಿಳಿಸಿದಾಗ, ಇದು ಬರೀ ಹವ್ಯಾಸ ಎಂದು ಹೇಳಿ, ನಿಮಗೆ ಏನೇನು ಬೇಕು ಎಂದು ಕೇಳಿದ್ದರು. ಹೊಸಬರು ಮಾಡಬಹುದಾದ ಸಣ್ಣ ಕೆಲಸಗಳಿಗೆ ಗಿಟ್‌ಹಬ್‌ನಲ್ಲಿ ‘ಗುಡ್ ಫಸ್ಟ್ ಇಶ್ಯೂ’ ಎಂಬ ಲೇಬಲ್ ಹಚ್ಚಿಡಿ. ಕೋಡ್ ಬಾರದವರು ಅನುವಾದಕ್ಕೆ ಕೈಜೋಡಿಸಬಹುದು. ಅನುವಾದಕ್ಕೆಂದೇ ಇರುವ ಜಾಲತಾಣ ವೆಬ್‌ಲೇಟ್‌ನಲ್ಲಿ ಮುಕ್ತ ಯೋಜನೆಗಳಿಗೆ ಉಚಿತ ಜಾಗ ಇದೆ. ಗುಜರಾತಿ ಬಲ್ಲ ನೆರೆಯವರು ಇದ್ದರೆ ಮೊದಲು ಅವರನ್ನೇ ಕೇಳಿ. ಮುಂಬೈಯ ಎಷ್ಟೋ ಸೊಸೈಟಿಗಳಲ್ಲಿ ಗುಜರಾತಿ ಮಾತಾಡುವವರಿದ್ದಾರೆ.